ಹುಂಡುಕೋಳಿ ಮದುವೆ

ಹುಡುಗಿ ನೋಡಲು ಬಂದ ಹುಡುಗ ಅಡುಗೆಮನೆಯಲ್ಲಿ ಮಂಡಿಯೂರಿ ಕೂತು, ಕೋಳಿ ನೋಡಿ ಕಣ್ಣೀರು ಹಾಕುವುದನ್ನು ರೊಸಲಿನ್ ಬಾಯಿ ತನ್ನ ಜನ್ಮದಲ್ಲಿ ಕಂಡಿರಲಿಲ್ಲ. ಅವಳು ಕಂಡ ಹುಡುಗರೇನು ಒಬ್ಬರೇ ಇಬ್ಬರೇ! ಬರ್ ದುಬೈಯ ಬಟ್ಟೆ ಅಂಗಡಿಗಳ ಹಿಂದಿನ ಕಟ್ಟಡದಲ್ಲಿ ಅವಳ ಫ್ಲ್ಯಾಟು. ಅಲ್ಲಿನ ಸೋಫಾದ ಮೇಲೆ ಕೂತು ಬೆವರಿದವರು, ಪ್ಯಾಂಟಿನ ಮೇಲೆ ಚಹಾ ಚೆಲ್ಲಿಕೊಂಡವರು, ಹುಡುಗಿ ಎದುರಿಗಿರುವಾಗಲೇ ತಾಯಿಗೆ ಫೋನು ಹಚ್ಚಿ ಅವಳ ಹಲ್ಲು ವರ್ಣಿಸಿದವರು, ಎಲ್ಲರನ್ನೂ ನೋಡಿ ಆಗಿದೆ. ಹಗಲು ಒಂದು ಕ್ಲಿನಿಕ್ಕಿನ ರಿಸೆಪ್ಷನ್ನಿನಲ್ಲಿ ಕೂತು ಟೋಕನ್ ಕೊಡುತ್ತಾಳೆ. ಉಳಿದ ಹೊತ್ತೆಲ್ಲ ಸಂಬಂಧ ಕುದುರಿಸುತ್ತಾಳೆ. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರಲ್ಲಿ, ದುಬೈಯಿಂದ ಅಬುಧಾಬಿವರೆಗೆ, ಮದುವೆಗೆ ಬಂದ ಮಕ್ಕಳಿರುವ ಯಾವ ಮನೆಯೂ ಅವಳ ಕಣ್ಣು ತಪ್ಪಿಸಿಕೊಂಡಿಲ್ಲ.

ತಪ್ಪಿಸಿಕೊಂಡು ತಿರುಗುತ್ತಿದ್ದವಳು ಸ್ವಂತ ಮಗಳು ಲವಿಟಾ ಒಬ್ಬಳೇ. ಅವಳ ಕೆಲಸ ಅಬುಧಾಬಿಯ ಅಲ್ ರೀಮ್ ಐಲ್ಯಾಂಡಿನ ಒಂದು ಆಫೀಸಿನಲ್ಲಿ. ಸಮುದ್ರದಂಚಿನ ಕಾಂಡ್ಲಾ ಗಿಡಗಳನ್ನೂ ಹಕ್ಕಿಗಳನ್ನೂ ಸರ್ವೆ ಮಾಡುವ ಕಂಪನಿ ಅದು, ಲವಿಟಾ ಅಲ್ಲಿ ನಕ್ಷೆ ಬರೆಯುತ್ತಾಳೆ. ವಾರವಿಡೀ ಅಲ್ಲೇ ಗೆಳತಿಯರ ಜೊತೆ ಇದ್ದು ಶನಿವಾರ ಮನೆಗೆ ಬರುತ್ತಾಳೆ. ಅಂಥವಳು ಒಂದು ದಿನ ಫೋನು ಮಾಡಿ, "ಮಮ್ಮಿ, ನಮ್ಮ ಆಫೀಸಿನ ಆಶ್ಲೆ ಈ ಶನಿವಾರ ಮನೆಗೆ ಬರ್ತಾನಂತೆ, ಅರ್ಜೆಂಟಂತೆ" ಅಂದಾಗ ರೊಸಲಿನ್ ಬಾಯಿ ಕೂತಲ್ಲಿಂದ ಎದ್ದು ನಿಂತಳು.

"ಯಾವ ಆಶ್ಲೆ? ಶಂಕರಪುರದ ಲೋಬೋಗಳ ಆಶ್ಲೆಯಾ? ಹಕ್ಕಿಯಲ್ಲಿ ಡಾಕ್ಟರ್ ಆದವನಾ?"

"ಮಮ್ಮಿ, ಪ್ಲೀಸ್, ಡೋಂಟ್ ಸ್ಟಾರ್ಟ್."

ಸ್ಟಾರ್ಟ್ ಮಾಡದೆ ಬಿಡುವವಳಾ ಇವಳು! ಶನಿವಾರ ಬೆಳಿಗ್ಗೆ ಎದ್ದು ಇಡ್ಲಿಯಂಥ ಸಾನ್ನಾ ಬೇಯಿಸಿದಳು, ಕೋಳಿ ಪದಾರ್ಥ ಮಾಡಿದಳು, ಮೈಸೂರು ಸಿಲ್ಕ್ ಉಟ್ಟಳು. ಹುಡುಗ ಬಂದ. ಎತ್ತರ, ಕನ್ನಡಕ, ಒಳ್ಳೆಯ ಮುಖ. ಕೂರು ಅಂದರೆ ಕೂರಲಿಲ್ಲ.

"ಆಂಟಿ, ಆ ಹಕ್ಕಿ ಎಲ್ಲುಂಟು?" ಅಂದ.

ಹಕ್ಕಿ ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರಿನ ಪಕ್ಕ ನಿಂತು ಅನ್ನದ ಅಗುಳು ಹೆಕ್ಕುತ್ತಿತ್ತು. ಕಂದು ಮೈ, ಕೆಂಪು ಕಾಲು, ಗಟ್ಟಿ ಕೊಕ್ಕು, ಮೋಟು ಬಾಲ. ಅದರ ಹೆಸರು ಪೆದ್ರು. ರೊಸಲಿನ್ ಬಾಯಿಯ ಗಂಡ ಸೆಬಾಸ್ಟಿಯನ್ ಸರಕು ಹಡಗಿನಲ್ಲಿ ಅಡುಗೆಯವನು. ಒಮ್ಮೆ ಎಂಜಿನ್ ಕೆಟ್ಟು, ದಕ್ಷಿಣ ಸಮುದ್ರದ ಯಾವುದೋ ಕಾಡು ತುಂಬಿದ ಪುಟ್ಟ ದ್ವೀಪದ ಹತ್ತಿರ ಹಡಗು ಲಂಗರು ಹಾಕಿತ್ತಂತೆ. ಅಲ್ಲಿನ ಜನರಿಗೆ ಇವನು ಮೀನು ಸಾರು ಮಾಡಿ ಬಡಿಸಿದ. ಅವರು ಖುಷಿಯಾಗಿ ಎರಡು ಮರಿ ಕೊಟ್ಟರು, ಗುಡ್ಡದ ಆಚೆಯದ್ದೊಂದು, ಈಚೆಯದ್ದೊಂದು. ಕಿನ್ನಿಗೋಳಿಯ ಗದ್ದೆ ಬದುವಿನಲ್ಲಿ ಹುಂಡುಕೋಳಿ ಅನ್ನುವ ನೀರುಹಕ್ಕಿ ನೋಡಿ ಬೆಳೆದ ಸೆಬಾಸ್ಟಿಯನ್ನನಿಗೆ ಅವು ಹುಂಡುಕೋಳಿಯೇ. ಬಂದರಿನಲ್ಲಿ ಅವುಗಳನ್ನು ಹೇಗೆ ದಾಟಿಸಿದ ಅನ್ನುವುದನ್ನು ಅವನು ಪಾದ್ರಿಯ ಮುಂದೆ ಪಾಪನಿವೇದನೆಯಲ್ಲೂ ಹೇಳಿಲ್ಲ. ಮನೆಗೆ ತಂದವನು, "ಊರಿನ ನೆನಪಿಗಿರಲಿ" ಅಂತ ಒಂದನ್ನು ಹೆಂಡತಿಯ ಕೈಗಿಟ್ಟು ಮತ್ತೆ ಹಡಗು ಹತ್ತಿದ. ಹೋದ ವಾರ ಪೆದ್ರು ತಟ್ಟೆಯಿಂದ ಸಾನ್ನಾ ಕದ್ದು ಓಡುವ ವೀಡಿಯೋವನ್ನು ಲವಿಟಾ ಸ್ಟೇಟಸ್ಸಿಗೆ ಹಾಕಿದ್ದಳು. ಅದನ್ನು ನೋಡಿ ಬಂದವನು ಈ ಆಶ್ಲೆ. ಹುಡುಗಿಯ ಕಡೆ ಅವನು ಕಣ್ಣೆತ್ತಿಯೂ ನೋಡಲಿಲ್ಲ.

"ಇದು ಹುಂಡುಕೋಳಿ ಅಲ್ಲ ಆಂಟಿ" ಅಂದ ಅವನು, ಕನ್ನಡಕ ತೆಗೆದು ಕಣ್ಣೊರಸಿಕೊಂಡು. "ಹುಂಡುಕೋಳಿ ಹಾರುತ್ತದೆ. ಇದಕ್ಕೆ ಹಾರಲಿಕ್ಕೆ ಬರುವುದಿಲ್ಲ."

"ಗೊತ್ತುಂಟಲ್ಲ. ನಮ್ಮವರು ರೆಕ್ಕೆ ಕತ್ತರಿಸಿ ತಂದಿದ್ದಾರೆ ಅಂತ ಮಾಡಿದ್ದೆ."

"ಯಾರೂ ಕತ್ತರಿಸಿಲ್ಲ. ಇದರ ರೆಕ್ಕೆಯೇ ಇಷ್ಟು. ಆ ಒಂದು ದ್ವೀಪದ ಕಾಡು ಬಿಟ್ಟು ಬೇರೆಲ್ಲೂ ಇಲ್ಲದ ಹಕ್ಕಿ. ನಮ್ಮ ಅಜ್ಜಂದಿರ ಕಾಲದಲ್ಲಿ ಯಾರೋ ಕಂಡದ್ದು. ಆಮೇಲೆ ಜೀವಂತ ಕಂಡವರಿಲ್ಲ. ಪುಸ್ತಕದಲ್ಲಿ 'ಬಹುಶಃ ಅಳಿದುಹೋಗಿದೆ' ಅಂತ ಬರೆದು ಮುಗಿಸಿದ್ದಾರೆ. ನಾನು ಅಲ್ಲಿಗೆ ಹೋಗಿ, ಜಿಗಣೆ ಕಚ್ಚಿಸಿಕೊಂಡು, ಜ್ವರ ಹಿಡಿಸಿಕೊಂಡು ಹುಡುಕಿದ್ದೇನೆ. ಒಂದು ಪುಕ್ಕ ಸಿಗಲಿಲ್ಲ. ಇಡೀ ಲೋಕದಲ್ಲಿ ಉಳಿದದ್ದು ಇದೊಂದೇ ಆಗಿರಬಹುದು ಆಂಟಿ."

ಲವಿಟಾ ಬಗ್ಗಿ ಪೆದ್ರುವನ್ನು ಹೊಸದಾಗಿ ನೋಡಿದಳು. ರೊಸಲಿನ್ ಬಾಯಿ ಮಾತ್ರ ಸೌಟು ಕೆಳಗಿಡದೆ, "ಒಂದೇ ಎಂತ ಮಾರಾಯ? ಇನ್ನೊಂದು ಹಂಝಾಕನ ಅಂಗಡಿಯಲ್ಲಿ ಈರುಳ್ಳಿ ಚೀಲದ ಹಿಂದೆ ಉಂಟು" ಅಂದಳು.

ಆಶ್ಲೆ ಎದ್ದವನು ಮತ್ತೆ ನೆಲಕ್ಕೆ ಕೂತ. ಆಮೇಲೆ ಅವನು ಸಾನ್ನಾ ಮುಟ್ಟದೆ, ಕೋಳಿ ಪದಾರ್ಥ ಮೂಸಿಯೂ ನೋಡದೆ, ತಾಯಿ ಮಗಳಿಬ್ಬರನ್ನೂ ಕಾರಿನಲ್ಲಿ ತುಂಬಿಕೊಂಡು ಅಬುಧಾಬಿಗೆ ಹೊರಟ. ಮೈಸೂರು ಸಿಲ್ಕಿನಲ್ಲೇ ಹೋದಳು ರೊಸಲಿನ್ ಬಾಯಿ.

ಹಂಝ ಮೂಲ್ಕಿ ಕಡೆಯ ಬ್ಯಾರಿ, ಸೆಬಾಸ್ಟಿಯನ್ನನ ಹಳೆಯ ದೋಸ್ತಿ. ಸೆಬಾಸ್ಟಿಯನ್ ಇನ್ನೊಂದು ಮರಿಯನ್ನು ಕೊಟ್ಟದ್ದು ಅವನಿಗೇ. ಅಲ್ ಮೀನಾದ ತರಕಾರಿ ಮಾರ್ಕೆಟ್ಟಿನಲ್ಲಿ ಅವನ ಅಂಗಡಿ. ಮೂವರು ಓಡೋಡಿ ಬಂದು, "ಆ ಹಕ್ಕಿ ಉಂಟಾ?" ಅಂತ ಏದುಸಿರಿನಲ್ಲಿ ಕೇಳಿದಾಗ ಅವನು ಬಾಳೆಕಾಯಿ ತೂಗುತ್ತಿದ್ದ.

"ಕುಂಞಿಯಾ? ಇಲ್ಲೇ ಉಂಟಲ್ಲ. ಜಿರಲೆ ತಿಂದು ತಿಂದು ಹೇಗೆ ದಪ್ಪ ಆಗಿದೆ ನೋಡಿ!"

ಚೀಲದ ಸಂದಿಯಿಂದ ಕುಂಞಿ ಕುತ್ತಿಗೆ ಚಾಚಿ ನೋಡಿತು. ಪೆದ್ರುವಿಗಿಂತ ಸಣ್ಣ ಕೊಕ್ಕು, ತೆಳು ಮೈ. ಆಶ್ಲೆ ಅದನ್ನು ಎರಡೂ ಕೈಯಲ್ಲಿ ಎತ್ತಿ, ತಿರುಗಿಸಿ, ಅಳತೆ ಹಿಡಿದು, "ಹೆಣ್ಣು" ಅಂದ. "ಅದು ಗಂಡು, ಇದು ಹೆಣ್ಣು. ಲವಿಟಾ, ಒಂದು ಜೋಡಿ ಉಂಟು. ನಿನಗೆ ಅರ್ಥ ಆಗ್ತಾ ಉಂಟಾ? ಜೋಡಿ!"

ಹಂಝನಿಗೆ ಸಂಗತಿ ತಿಳಿದ ಮೇಲೆ ಅವನು ಕೈಯಲ್ಲಿದ್ದ ಬಾಳೆಕಾಯಿ ಕೆಳಗಿಟ್ಟ. "ಯಾ ಅಲ್ಲಾ! ಇದರ ಮೇಲೆ ನಾನು ಮೊನ್ನೆ ಕುಂಬಳಕಾಯಿ ಬೀಳಿಸಿದ್ದೆನಲ್ಲ ಮಾರಾಯ್ರೆ!" ಅಂತ ಬೆವರು ಒರಸಿಕೊಂಡ.

ಮಾರ್ಕೆಟ್ಟಿನಲ್ಲಿ ಬೆಕ್ಕುಗಳ ಕಾಟ, ಸೆಕೆ ಬೇರೆ. ಪರ್ಮಿಟ್ ಕೊಡುವ ಆಫೀಸಿನವರು ಬಂದು ನೋಡುವವರೆಗೆ ಎರಡೂ ಒಂದೇ ಮನೆಯಲ್ಲಿರಲಿ ಅಂತಾಯಿತು. ಪೆದ್ರು ಹಾಲ್‌ನಲ್ಲಿ, ಕುಂಞಿ ಲವಿಟಾಳ ರೂಮಿನಲ್ಲಿ, ನಡುವೆ ಮುಚ್ಚಿದ ಬಾಗಿಲು. ಆಶ್ಲೆ ಕೈ ಮುಗಿಯುವಂತೆ ಹಿಡಿದು ಹೇಳಿದ.

"ಆಂಟಿ, ಏನೇ ಆಗಲಿ, ಇವನ್ನು ಒಟ್ಟಿಗೆ ಬಿಡಬಾರದು. ಈ ಜಾತಿಯವು ಕಾಡಿನಲ್ಲಿ ಒಂಟಿ. ತನ್ನ ಜಾಗಕ್ಕೆ ಇನ್ನೊಂದು ಬಂದರೆ ಸುಮ್ಮನಿರುವುದಿಲ್ಲ. ಮೊದಲು ಸ್ವರ ಕೇಳಬೇಕು, ಆಮೇಲೆ ಬಲೆಯ ಆಚೆ ಈಚೆ ಮುಖ ನೋಡಬೇಕು. ತಿಂಗಳುಗಟ್ಟಲೆ ಹಿಡಿಯುತ್ತದೆ. ಗೊತ್ತಿದ್ದವರು ಬಂದು ಮಾಡ್ತಾರೆ."

"ಆಯ್ತು ಮಗ. ನಾನೆಂತ ಸಣ್ಣ ಮಗುವಾ?" ಅಂದಳು ರೊಸಲಿನ್ ಬಾಯಿ. ಅಂದದ್ದು ಪ್ರಾಮಾಣಿಕವಾಗಿಯೇ. ಎರಡು ಮೂರು ದಿನ ಅವಳು ಆ ಬಾಗಿಲನ್ನು ಚರ್ಚಿನ ಕಾಣಿಕೆ ಪೆಟ್ಟಿಗೆ ಕಾಯುವವರ ಹಾಗೆ ಕಾದಳು. ಕುಂಞಿಗೆ ಅನ್ನ ಕೊಡಲು ಹೋಗುವಾಗ ಪೆದ್ರುವನ್ನು ಬಚ್ಚಲಿಗೆ ಹಾಕಿ ಹೋಗುತ್ತಿದ್ದಳು.

ಕೆಟ್ಟದ್ದು ಬುಧವಾರ. ಲವಿಟಾ ಫೋನಿನಲ್ಲಿ ಮಾತಿನ ನಡುವೆ ಒಂದು ಸಂಗತಿ ಹೇಳಿದಳು. ಹಕ್ಕಿ ಸಾಕುವ ಎರಡು ದೊಡ್ಡ ಕೇಂದ್ರಗಳು ಕೇಳುತ್ತಿವೆಯಂತೆ, ಒಂದು ಒಂದು ದೇಶದಲ್ಲಿ, ಇನ್ನೊಂದು ಬೇರೆ ದೇಶದಲ್ಲಿ. ಯಾರಿಗೆ ಎಂಬುದು ಇತ್ಯರ್ಥ ಆಗಿಲ್ಲ. ಒಬ್ಬರಿಗೆ ಒಂದೊಂದು ಕೊಟ್ಟರೂ ಕೊಡಬಹುದು, ರೋಗ ಗೀಗ ಬಂದರೆ ಎರಡೂ ಒಟ್ಟಿಗೆ ಹೋಗದಿರಲಿ ಅಂತ.

"ಒಂದೊಂದು ಅಂದರೆ? ಗಂಡು ಒಂದು ಕಡೆ, ಹೆಣ್ಣು ಒಂದು ಕಡೆಯಾ?"

"ಸದ್ಯಕ್ಕೆ, ಮಮ್ಮಿ. ಆಮೇಲೆ ಜೋಡಿ ಮಾಡ್ತಾರೆ."

ಆಮೇಲೆ! ಈ ಆಮೇಲೆ ಅನ್ನುವ ಮಾತಿನ ಮೇಲೆ ರೊಸಲಿನ್ ಬಾಯಿಗೆ ಇದ್ದ ಸಿಟ್ಟು ಇಂದು ನಿನ್ನೆಯದಲ್ಲ. ಅವಳ ಮದುವೆ ಸೆಬಾಸ್ಟಿಯನ್ನನ ರಜೆ ಮುಗಿಯುವುದರೊಳಗೆ ಗಡಿಬಿಡಿಯಲ್ಲಿ ಮುಗಿದದ್ದು. ಮದುವೆಯ ಮುನ್ನಾದಿನ ತಲೆಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರವಿದೆಯಲ್ಲ, ಆ ಹಾಲಿನ ವಾಸನೆ ಕೂದಲಿನಿಂದ ಹೋಗುವ ಮೊದಲೇ ಗಂಡ ದುಬೈ ವಿಮಾನ ಹತ್ತಿದ್ದ. ಅವನದ್ದು ಹೆಂಡತಿಯನ್ನು ಕರೆತರಲಾಗದ ಬ್ಯಾಚುಲರ್ ವೀಸಾ. ಆಮೇಲೆ ಕರೆಸಿಕೊಳ್ಳುತ್ತೇನೆ ಅಂದ. ಆಮೇಲೆ ಫ್ಯಾಮಿಲಿ ವೀಸಾ ಸಿಕ್ಕಿ ಇವಳು ಬಂದರೆ, ಅವನ ಕೆಲಸ ಹೋಗಿ ಅವನು ಹಡಗು ಹಿಡಿದ. ಗಂಡ ಹೆಂಡತಿ ಒಂದೇ ಸೂರಿನಡಿ ಕಳೆದ ದಿನಗಳನ್ನೆಲ್ಲ ಒಟ್ಟು ಹಾಕಿದರೆ ಗೋಡೆಯ ಒಂದು ಕ್ಯಾಲೆಂಡರ್ ತುಂಬುತ್ತದೋ ಇಲ್ಲವೋ. ಅವಳು ಸಂಬಂಧ ಕುದುರಿಸುವಾಗ ಮೊದಲು ಕೇಳುವ ಪ್ರಶ್ನೆಯೇ, "ಹುಡುಗಿಗೆ ಕೂಡಲೇ ಫ್ಯಾಮಿಲಿ ವೀಸಾ ಮಾಡ್ತೀಯಾ ಇಲ್ವಾ?" ಇಲ್ಲ ಅಂದರೆ ಆ ಹುಡುಗ ರಾಜಕುಮಾರನಾದರೂ ಖಲಾಸ್.

ಗುರುವಾರ, ಶುಕ್ರವಾರ ಅವಳು ಕ್ಲಿನಿಕ್ಕಿನಲ್ಲಿ ಟೋಕನ್ ತಪ್ಪಿ ತಪ್ಪಿ ಕೊಟ್ಟಳು. ಒಂದು ಸಲ ಬೇರೆ ಮಾಡಿದರೆ ಮತ್ತೆ ಒಟ್ಟಿಗೆ ಬರುವುದು ಯಾವ ಜನ್ಮಕ್ಕೆ? ಲೋಕದಲ್ಲಿ ಇರುವುದೇ ಎರಡು, ಅವೂ ಒಂದೊಂದು ದಿಕ್ಕಿಗೆ! ಆಫೀಸಿನವರು ಬರುವ ಹೊತ್ತಿಗೆ ಅವೆರಡೂ ಜೋಡಿಯಾಗಿ ತಿರುಗುತ್ತಿದ್ದರೆ? ಮದುವೆಯಾದವರನ್ನು ಬೇರೆ ಮಾಡಲು ಯಾವ ಆಫೀಸರನಿಗೆ ಮನಸ್ಸು ಬಂದೀತು? ಒಟ್ಟಿಗೆ ಟಿಕೆಟ್ ಮಾಡಲೇಬೇಕಾಗುತ್ತದೆ. ಶನಿವಾರ ಬೆಳಿಗ್ಗೆ ಅವಳು ಹಂಝನಿಗೆ ಫೋನು ಹಚ್ಚಿದಳು.

"ಹಂಝಾಕ, ನೀವು ಹುಡುಗಿ ಕಡೆಯವರು. ನಿಮ್ಮನ್ನು ಒಂದು ಮಾತು ಕೇಳದೆ ಮಾಡಿದರೆ ಸರಿಯಲ್ಲ."

"ಯಾವ ಹುಡುಗಿ ಬಾಯಮ್ಮ?"

"ನಿಮ್ಮ ಕುಂಞಿ."

ಹಂಝ ಹೊಟ್ಟೆ ಹಿಡಿದು ನಕ್ಕ. ಅವಳು ಎರಡು ದೇಶದ ವಿಷಯ ಹೇಳಿದ ಮೇಲೆ ನಗು ನಿಂತಿತು.

"ಆದರೆ ಆ ಹುಡುಗ ಬೇಡ ಅಂದಿದ್ದಾನಲ್ವಾ ಬಾಯಮ್ಮ? ಕಲಿತವನು."

"ಅವನಿಗೆಂತ ಗೊತ್ತುಂಟು? ಅವನಿಗೇ ಮದುವೆ ಆಗಿಲ್ಲ. ಅವರ ಪುಸ್ತಕದಲ್ಲಿ ಸತ್ತಿದೆ ಅಂತ ಬರೆದ ಹಕ್ಕಿ ನನ್ನ ಅಡುಗೆಮನೆಯಲ್ಲಿ ಸಾನ್ನಾ ತಿಂತಾ ಇತ್ತು. ಆ ಪುಸ್ತಕ ಕಟ್ಟಿಕೊಂಡು ನಾನೆಂತ ಮಾಡ್ಲಿ? ಎರಡೂ ದಿನಾ ಸಂಜೆ ಬಾಗಿಲಿನ ಆಚೆ ಈಚೆ ನಿಂತು ಒಂದಕ್ಕೊಂದು ಕೂಗ್ತಾವೆ ಹಂಝಾಕ. ಇವನು ಒಂದು ಅಂದರೆ ಅವಳು ಎರಡು ಅಂತಾಳೆ. ಕೇಳಿದರೆ ಹೊಟ್ಟೆ ಚುರ್ ಅಂತದೆ. ಒಪ್ಪಿಗೆ ಆಗಿದೆ ಅಂತ ಕುರುಡನಿಗೂ ಗೊತ್ತಾಗ್ತದೆ."

ಹಂಝನಿಗೆ ಊರಿನಲ್ಲಿ ಬಿಟ್ಟುಬಂದ ಹೆಂಡತಿಯ ನೆನಪಾಯಿತು.

"ಬೀಫಾತಿಮ ಊರಿನಲ್ಲಿ, ನಾನು ಇಲ್ಲಿ" ಅಂದ ಹಂಝ. "ನಮ್ಮ ಆಯುಷ್ಯ ಇಡೀ ಫೋನಿನಲ್ಲೇ ಹೋಯ್ತು ಬಾಯಮ್ಮ. ಮಕ್ಕಳು ಹುಟ್ಟಿದ್ದನ್ನೂ ನಾನು ಫೋನಿನಲ್ಲೇ ಕೇಳಿದ್ದು. ಆ ಹಕ್ಕಿಗಳಿಗಾದರೂ ಈ ಅವಸ್ಥೆ ಬೇಡ. ನೀವು ಮಾಡಿ. ಬಿಸ್ಮಿಲ್ಲಾ ಹೇಳಿ ಬಿಡಿ."

ಹುಡುಗಿ ಕಡೆಯ ಒಪ್ಪಿಗೆ ಆಯಿತಲ್ಲ, ರೊಸಲಿನ್ ಬಾಯಿಗೆ ಹಬ್ಬ ಬಂದ ಹಾಗಾಯಿತು. ಸಂಜೆ ಲವಿಟಾ ಮತ್ತು ಆಶ್ಲೆ ಬರುವವರಿದ್ದರು. ಅಷ್ಟರೊಳಗೆ ಕೆಲಸ ಆಗಬೇಕು. ಮಧ್ಯಾಹ್ನ ಊಟ ಮುಗಿಸಿ ತೆಂಗಿನಕಾಯಿ ತುರಿದು ಹಾಲು ಹಿಂಡಿದಳು. ಶಾಸ್ತ್ರಕ್ಕೆ ಅಂತ ಪೆದ್ರುವಿನ ನೆತ್ತಿಗೆ ಒಂದು ಬೊಟ್ಟು, ರೂಮಿಗೆ ಹೋಗಿ ಕುಂಞಿಯ ನೆತ್ತಿಗೆ ಒಂದು ಬೊಟ್ಟು. ಕುಂಞಿ ತಲೆ ಕೊಡವಿ ಅವಳ ಸೆರಗಿಗೆ ಹಾಲು ಸಿಡಿಸಿತು. "ನಾಚಿಕೆ ನೋಡಿ ಇವಳದ್ದು!" ಅಂತ ಅವಳೊಬ್ಬಳೇ ನಕ್ಕಳು. ಕಡಲೆಬೇಳೆ, ಬೆಲ್ಲ ಹಾಕಿ ವೊರ್ನ್ ಪಾಯಸಕ್ಕೆ ಇಟ್ಟಳು. ಸಿಹಿ ಇಲ್ಲದ ಮದುವೆ ಎಂಥ ಮದುವೆ?

ಅಷ್ಟರಲ್ಲಿ ಎರಡೂ ಕೂಗಲು ಸುರು ಮಾಡಿದವು. ಹಾಲ್‌ನಿಂದ ಇವನು, ರೂಮಿನಿಂದ ಅವಳು. ಬಾಗಿಲು ನಡುಗುವ ಹಾಗೆ ಕೂಗು. ಇನ್ನು ಕಾಯಿಸಿದರೆ ಪಾಪ ಅಂತ ರೊಸಲಿನ್ ಬಾಯಿ ಶಿಲುಬೆ ಗುರುತು ಹಾಕಿಕೊಂಡು ಬಾಗಿಲು ತೆರೆದಳು.

ಪೆದ್ರು ಒಳಗೆ ಹೋಯಿತು. ಕುಂಞಿ ಮಂಚದ ಹತ್ತಿರ ನಿಂತಿತ್ತು. ಎರಡೂ ಮೌನವಾದವು. ಪೆದ್ರು ತಲೆಯನ್ನು ಪೂರ್ತಿ ಕೆಳಗೆ ಬಗ್ಗಿಸಿ, ಕುತ್ತಿಗೆಯ ಪುಕ್ಕ ಅರಳಿಸಿ, ಕದಲದೆ ನಿಂತಿತು. ಎಷ್ಟು ಮರ್ಯಾದೆ ನೋಡು ಇವನಿಗೆ, ತಲೆ ಎತ್ತುವುದಿಲ್ಲ ಅಂದುಕೊಂಡಳು ಅವಳು. ಕಣ್ಣಲ್ಲಿ ನೀರು ಬಂತು. ಹೊಸ ಜೋಡಿಯನ್ನು ನೋಡುತ್ತ ನಿಲ್ಲುವುದು ಮರ್ಯಾದೆಯಲ್ಲ. ಹೊರಗೆ ಬಂದು ಬಾಗಿಲು ಎಳೆದು, ಗಾಳಿಗೆ ತೆರೆಯದಿರಲಿ ಅಂತ ಚಿಲಕ ಹಾಕಿದಳು.

ಒಳಗೆ ದಡಬಡ ಸದ್ದಾಯಿತು. ಏನೋ ಬಿತ್ತು. ರೆಕ್ಕೆ ಬಡಿಯುವ ಸದ್ದು, ಓಡುವ ಸದ್ದು, ಗೋಡೆಗೆ ಏನೋ ತಾಗುವ ಸದ್ದು. "ಹುಡುಗಿ ಜೋರುಂಟು" ಅಂತ ರೊಸಲಿನ್ ಬಾಯಿ ಬೆಲ್ಲ ಕದಡಿದಳು. ಕಿವಿಗೊಟ್ಟು ಕೇಳಿದ ಹಾಗಾಗುತ್ತದಲ್ಲ ಅಂತ ಸಂಕೋಚವಾಗಿ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿದಳು. ಆ ಫ್ಯಾನಿನದ್ದು ಮೊದಲೇ ರಾಕ್ಷಸ ಸದ್ದು. ಅದರಡಿ ನಿಂತು, ಬೆಲ್ಲ ಕರಗುವವರೆಗೆ, ಬೇಳೆ ಹದ ಬರುವವರೆಗೆ, ಅವಳು ಮದುವೆ ಹಾಡು ಗುನುಗುತ್ತ ಸೌಟು ಆಡಿಸಿದಳು.

ಫ್ಯಾನ್ ಆಫ್ ಮಾಡಿದಾಗ ಮನೆ ತಣ್ಣಗಿತ್ತು. ಚಿಲಕ ತೆಗೆದು ಮೆಲ್ಲ ಇಣುಕಿದಳು.

ಪೆದ್ರು ರೂಮಿನ ನಡುವೆ ನಿಂತಿತ್ತು. ಕೊಕ್ಕು ಕಣ್ಣಿನವರೆಗೆ ಕೆಂಪು. ಬಿಳಿ ಟೈಲ್ಸಿನ ಮೇಲೆ ಪುಕ್ಕ, ಗೋಡೆಯ ಬುಡದಲ್ಲಿ ಉದ್ದಕ್ಕೂ ರಕ್ತದ ಬೊಟ್ಟು. ಬೊಟ್ಟುಗಳು ರೂಮು ಸುತ್ತಿ ಸುತ್ತಿ ಬಾಗಿಲಿನ ಹತ್ತಿರ ಬಂದು ಮುಗಿದಿದ್ದವು. ಅಲ್ಲಿ, ಲವಿಟಾಳ ಚಪ್ಪಲಿ ಸ್ಟ್ಯಾಂಡಿನ ಕೆಳಗೆ ತಲೆ ತುರುಕಿಕೊಂಡು ಕುಂಞಿ ಬಿದ್ದಿತ್ತು. ತಲೆಯ ಹಿಂಬದಿಯಲ್ಲಿ ಕುಕ್ಕಿಸಿಕೊಳ್ಳದ ಜಾಗ ಉಳಿದಿರಲಿಲ್ಲ.

ರೊಸಲಿನ್ ಬಾಯಿಗೆ ತಾನು ನೋಡುತ್ತಿರುವುದು ಏನು ಅಂತ ಅರ್ಥವಾಗಲೇ ಇಲ್ಲ. ಬೆಕ್ಕು ಬಂತೇ? ಎಲ್ಲಿಂದ? ಕಿಟಕಿ ಮುಚ್ಚಿದೆ. ಅಷ್ಟರಲ್ಲಿ ಪೆದ್ರು ದಿನದ ಹಾಗೆ ಟಪಟಪ ನಡೆದು ಬಂದು, ಅನ್ನ ಕೇಳಲು ಅವಳ ಚಪ್ಪಲಿಯ ತುದಿಯನ್ನು ಕುಕ್ಕಿತು. ಚಪ್ಪಲಿಯ ಮೇಲೆ ಕೆಂಪು ಕಲೆಯಾಯಿತು. ಆಗ ಅವಳಿಗೆ ಅರ್ಥವಾಯಿತು, ಅಲ್ಲೇ ನೆಲದ ಮೇಲೆ ಕೂತಳು.

"ಸಾಯ್ಬಾ ಭೊಗೊಸ್, ಕ್ಷಮಿಸು ದೇವರೇ... ಎಂತ ಮಾಡಿದೆಯೋ ಪೆದ್ರು, ಎಂತ ಮಾಡಿದೆಯೋ!"

ಕುಂಞಿಯನ್ನು ತೊಡೆಯ ಮೇಲೆ ಎತ್ತಿಕೊಂಡಳು. ಮೈ ಇನ್ನೂ ಬಿಸಿಯಿತ್ತು. ಕೊಕ್ಕಿಗೆ ನೀರು ಬಿಟ್ಟಳು, ನೀರು ಪಕ್ಕದಿಂದ ಇಳಿದು ಹೋಯಿತು. "ಏಳೇ ಪುತಾ, ಏಳೇ" ಅಂದಳು. ಟವೆಲ್ಲಿನಲ್ಲಿ ಸುತ್ತಿದಳು, ಮತ್ತೆ ಬಿಚ್ಚಿ ನೋಡಿದಳು, ಮತ್ತೆ ಸುತ್ತಿದಳು. ಹೊರಗೆ ಬೆಲ್ ಆಯಿತು.

ಬಾಗಿಲು ತೆರೆದರೆ ಆಶ್ಲೆ. ಹಿಂದೆ ಲವಿಟಾ, ಕೈಯಲ್ಲಿ ಕೇಕಿನ ಡಬ್ಬ. ರೊಸಲಿನ್ ಬಾಯಿಯ ಮುಖ ನೋಡುವ ವ್ಯವಧಾನವೂ ಆ ಹುಡುಗನಿಗೆ ಇರಲಿಲ್ಲ, ಅಷ್ಟು ಖುಷಿ.

"ಆಂಟಿ, ಎಲ್ಲ ಫಿಕ್ಸ್ ಆಯ್ತು! ಎರಡೂ ಒಂದೇ ಕಡೆಗೆ. ಒಂದೇ ಫ್ಲೈಟ್, ಅಕ್ಕಪಕ್ಕದ ಗೂಡು. ಪರ್ಮಿಟ್ ಕೂಡ ಬಂತು. ದೊಡ್ಡ ಕಾಡಿನ ತುಂಡೇ ಬೇಲಿ ಹಾಕಿ ಇಟ್ಟಿದ್ದಾರಂತೆ ಇವಕ್ಕೆ. ಬರುವ ವರ್ಷ ಮರಿ ನೋಡಬಹುದು ಆಂಟಿ, ಮರಿ!"

ರೊಸಲಿನ್ ಬಾಯಿ ಬಾಗಿಲಿನ ಚೌಕಟ್ಟು ಹಿಡಿದುಕೊಂಡಳು. ಲವಿಟಾ ಮೊದಲು ಕಂಡದ್ದು ತಾಯಿಯ ಸೆರಗಿನ ರಕ್ತ.

"ಮಮ್ಮಿ, ಬ್ಲಡ್! ಕೈ ಕುಯ್ದುಕೊಂಡೆಯಾ?"

ಆಶ್ಲೆಯ ಕಣ್ಣು ರೂಮಿನ ಕಡೆ ಹೋಯಿತು. ತೆರೆದ ಬಾಗಿಲು. ಅಲ್ಲಿಂದ ಪೆದ್ರು ಹೊರಗೆ ಬರುತ್ತಿತ್ತು. ಅವನು ನಡೆದು ಹೋಗಿ ಟವೆಲ್ ಬಿಚ್ಚಿ, ಕುಂಞಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಎದೆಯ ಪುಕ್ಕ ಸರಿಸಿ ಬೆರಳಿಟ್ಟು ನೋಡಿದ. ಬಹಳ ಹೊತ್ತು ಬೆರಳು ತೆಗೆಯಲಿಲ್ಲ.

"ನಾನು... ಬೇರೆ ಬೇರೆ ಮಾಡ್ತಾರೆ ಅಂತ..." ರೊಸಲಿನ್ ಬಾಯಿ ಅವನ ಹಿಂದೆ ಬಂದು ನಿಂತಳು. "ದಿನಾ ಕರೀತಾ ಇದ್ದವು ಮಗ. ಬಾ, ಬಾ ಅಂತ ಒಂದಕ್ಕೊಂದು ಕರೀತಾ ಇದ್ದವು."

"ಅದು ಕರೆಯುವುದಲ್ಲ ಆಂಟಿ" ಅಂದ ಆಶ್ಲೆ. "ಬಂದರೆ ಕೊಲ್ಲುತ್ತೇನೆ ಅನ್ನುವುದು. ಎರಡೂ ಅದನ್ನೇ ಹೇಳ್ತಾ ಇದ್ದವು."

ಲವಿಟಾಳ ಕೈಯಿಂದ ಕೇಕಿನ ಡಬ್ಬ ಜಾರಿತು. "ಹೌ ಕುಡ್ ಯು, ಮಮ್ಮಿ! ಒಟ್ಟಿಗೇ ಕಳಿಸ್ತಾರೆ ಅಂತ ನಿನ್ನೆಯೇ ಡಿಸೈಡ್ ಆಗಿತ್ತು!"

"ನಿನ್ನೆಯೇ?" ರೊಸಲಿನ್ ಬಾಯಿ ಮಗಳ ಮುಖವನ್ನೇ ನೋಡಿದಳು. "ನಿನ್ನೆಯೇ ಗೊತ್ತಿತ್ತಾ ನಿನಗೆ? ರಾತ್ರಿ ಫೋನು ಮಾಡಿದ್ದೆಯಲ್ಲ. ಊಟ ಆಯ್ತಾ ಅಂತ ಕೇಳಿ ಇಟ್ಟೆಯಲ್ಲ ಲವಿ."

ಲವಿಟಾ ಬಿಕ್ಕುತ್ತ ಹೇಳಿದಳು. "ಹೇಳಿದರೆ ನೀನು ಚರ್ಚಿನ ಕ್ವಾಯರ್ ವಾಟ್ಸಾಪ್ ಗ್ರೂಪಿಗೆ ಹಾಕಿಬಿಡ್ತಿ ಅಂತ... ಪರ್ಮಿಟ್ ಕೈಗೆ ಬರುವವರೆಗೆ ಯಾರಿಗೂ ಗೊತ್ತಾಗಬಾರದು ಅಂದಿದ್ದರು. ಇವತ್ತು ಬಂದು ಸರ್‌ಪ್ರೈಸ್ ಕೊಡುವ ಅಂತ ಮಾಡಿದ್ದೆ ಮಮ್ಮಿ."

ಅಡುಗೆಮನೆಯಲ್ಲಿ ವೊರ್ನ್ ತಳ ಹಿಡಿದ ವಾಸನೆ ಬಂತು, ಯಾರೂ ಏಳಲಿಲ್ಲ. ಆಶ್ಲೆ ನೆಲದ ಮೇಲೆ ಕೂತು ಕುಂಞಿಯ ನೆತ್ತಿಯ ಪುಕ್ಕವನ್ನು ಬೆರಳಿನಿಂದ ಒಂದೊಂದಾಗಿ ಸರಿ ಮಾಡುತ್ತಿದ್ದ. ಅಲ್ಲಿ ಒಣಗಿ ಅಂಟಿದ ಬಿಳಿಯದು ಏನೆಂದು ಅವನು ಕೇಳಲಿಲ್ಲ. ಕೇಳಿದ್ದರೆ ರೊಸಲಿನ್ ಬಾಯಿ ಸತ್ತೇ ಹೋಗುತ್ತಿದ್ದಳು.

ಸೋಫಾದ ಮೇಲಿದ್ದ ಅವಳ ಫೋನು ಹೊಡೆದುಕೊಂಡಿತು. ಹಂಝಾಕ. ನಿಂತಿತು, ಮತ್ತೆ ಹೊಡೆದುಕೊಂಡಿತು. ಅವಳು ಎತ್ತಿದಳು.

"ಎಂತಾಯ್ತು ಬಾಯಮ್ಮ? ಹೊಂದಿಕೊಂಡರಾ ಗಂಡ ಹೆಂಡತಿ?" ಹಿಂದೆ ಮಾರ್ಕೆಟ್ಟಿನಲ್ಲಿ ಯಾರೋ ಟೊಮೆಟೋ ದರ ಕೂಗುತ್ತಿದ್ದರು. "ಟಿಕೆಟ್ ವಿಷಯ ಎಂತ, ಬೇರೆ ಬೇರೆಯೇ ಅಂತಾ?"

ಅವಳ ಬಾಯಿಗೆ ಬಂದದ್ದು ಅವನ ಕೊನೆಯ ಪ್ರಶ್ನೆಯ ಉತ್ತರ ಮಾತ್ರ. "ಒಟ್ಟಿಗೇ ಅಂತೆ ಹಂಝಾಕ. ಒಂದೇ ಫ್ಲೈಟ್."

"ಅಲ್‌ಹಮ್ದುಲಿಲ್ಲಾ!" ಹಂಝನ ಸ್ವರಕ್ಕೆ ಅವಳು ಫೋನು ಕಿವಿಯಿಂದ ದೂರ ಹಿಡಿದಳು. ಅವನು ಆಚೆ ತಿರುಗಿ ಅಂಗಡಿಯವರಿಗೆಲ್ಲ ಹಿಂದಿಯಲ್ಲಿ, ಮಲಯಾಳಂನಲ್ಲಿ ಕೂಗಿ ಹೇಳುತ್ತಿದ್ದ. ಖರ್ಜೂರದ ಪೆಟ್ಟಿಗೆ ಒಡೆಯಿರಿ, ಎಲ್ಲರಿಗೂ ಕೊಡಿ, ನಮ್ಮ ಕುಂಞಿಗೆ ಫ್ಯಾಮಿಲಿ ವೀಸಾ ಆಯಿತು ಅಂತ. ಯಾರೋ ಚಪ್ಪಾಳೆ ತಟ್ಟಿದರು. "ಯಲ್ಲಾ, ನಾನೀಗ ಬೀಫಾತಿಮನಿಗೆ ಫೋನು ಮಾಡ್ತೇನೆ. ನೀವು ಮಾಡಿದ ಪುಣ್ಯ ಬಾಯಮ್ಮ ಇದು!"

"ಹಂಝಾಕ, ಇಡಬೇಡಿ" ಅಂದಳು ರೊಸಲಿನ್ ಬಾಯಿ. "ಕುಂಞಿ ಸತ್ತು ಹೋಯ್ತು. ಪೆದ್ರು ಕುಕ್ಕಿ ಕೊಂದ. ನಾನು ಒಟ್ಟಿಗೆ ಬಿಟ್ಟೆನಲ್ಲ, ಆಗಲೇ."

ಟೊಮೆಟೋ ದರ ಕೂಗುವವನು ಕೂಗುತ್ತಲೇ ಇದ್ದ. ಹಂಝ ಫೋನು ಇಟ್ಟುಬಿಟ್ಟನೋ ಅಂತ ಅವಳು ಸ್ಕ್ರೀನ್ ನೋಡಿದಳು. ಇಟ್ಟಿರಲಿಲ್ಲ.

"ಹಾರಲಿಕ್ಕಂತೂ ಬರುವುದಿಲ್ಲ ಅದಕ್ಕೆ" ಅಂದ ಹಂಝ, ಬಹಳ ಸಣ್ಣ ಸ್ವರದಲ್ಲಿ. "ಆದರೆ ಓಡುವುದರಲ್ಲಿ ಜೋರು ಬಾಯಮ್ಮ ಅದು. ಇಲ್ಲಿ ಬೆಕ್ಕು ಬಂದರೆ ಎಷ್ಟು ಸಲ ಓಡಿ ಬಚಾವಾಗಿದೆ. ಓಡಲಿಕ್ಕೆ ದಾರಿ ಇರಲಿಲ್ವಾ?"

ರೊಸಲಿನ್ ಬಾಯಿ ರೂಮಿನ ಬಾಗಿಲಿನ ಕಡೆ ನೋಡಿದಳು.

"ಇಲ್ಲ ಹಂಝಾಕ" ಅಂದಳು. "ಚಿಲಕ ಹಾಕಿದ್ದೆ."